ಗೋಡೆಯಿಲ್ಲದ ಶಿಶುವಿಹಾರ: ಮೂರು ವರ್ಷಗಳ ಅನುಭವ

ಮಗಳು ಮೂರು ವರ್ಷ ಹೋದ ಶಿಶುವಿಹಾರಕ್ಕೆ ಗೋಡೆಯಿಲ್ಲ. ಜರ್ಮನಿಯ ಫ್ರೈಬುರ್ಗ್ ಹತ್ತಿರ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟ ಏರತೊಡಗುವ ಕಡೆ, ಬೀಚ್ ಎಂಬ ಜಾತಿಯ ಮರಗಳ ನಡುವೆ ಗಾಲಿಗಳ ಮೇಲೆ ನಿಂತ ಒಂದು ಮರದ ಕೋಣೆ ಇದೆ. ಅದರೊಳಗೆ ಸೌದೆ ಒಲೆ, ಬದಲಿ ಬಟ್ಟೆ, ಹಗ್ಗ, ಗರಗಸ. ಮಕ್ಕಳು ಇಪ್ಪತ್ತು, ಶಿಕ್ಷಕರು ಮೂವರು. ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಆಟ, ಊಟ, ಕಥೆ ಎಲ್ಲವೂ ಬಯಲಿನಲ್ಲೇ. ಇಲ್ಲಿಯವರು ಇದನ್ನು ವಾಲ್ಡ್‌ಕಿಂಡರ್‌ಗಾರ್ಟನ್, ಅಂದರೆ ಕಾಡಿನ ಶಿಶುವಿಹಾರ ಎನ್ನುತ್ತಾರೆ. 1993ರಲ್ಲಿ ಫ್ಲೆನ್ಸ್‌ಬುರ್ಗ್‌ನಲ್ಲಿ ಇಂಥದೊಂದಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕ ಮೇಲೆ ದೇಶದ ತುಂಬ ಹಬ್ಬಿವೆ.

ಸೇರಿಸುವಾಗ ನನ್ನನ್ನು ಕಾಡಿದ್ದು ಚಳಿಯಲ್ಲ, ಉಣುಗು. ನಾನು ಸೊರಬದ ಕಡೆಯವಳು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಅಲ್ಲೇ. ಮಂಗ ಸತ್ತ ಸುದ್ದಿ ಬಂದರೆ ದರಗು ತರಲು ಹೋಗುವವರನ್ನು ಮನೆಯವರು ತಡೆಯುತ್ತಿದ್ದುದನ್ನು ನೋಡುತ್ತಲೇ ಬೆಳೆದೆ. ಇಲ್ಲಿನ ಉಣುಗು ತರುವ ಮಿದುಳಿನ ಉರಿಯೂತದ ವೈರಸ್ ಕೂಡ ಮಂಗನ ಕಾಯಿಲೆಯ ವೈರಸ್‌ನ ದಾಯಾದಿಯೇ. ಅದಕ್ಕೆ ಲಸಿಕೆ ಇದೆ; ಮೂರೂ ಡೋಸ್ ಹಾಕಿಸಿದೆವು. ಆದರೆ ಉಣುಗಿನಿಂದಲೇ ಬರುವ ಲೈಮ್ ಕಾಯಿಲೆಯೂ ಇದೆಯಲ್ಲ. ಹಾಗಾಗಿ ಮಗಳು ಮನೆಗೆ ಬಂದ ಕೂಡಲೇ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಸಂದಿನಲ್ಲಿ ಹುಡುಕುವುದು ನನ್ನ ದಿನಚರಿಯಾಯಿತು. ಮೂರು ವರ್ಷದಲ್ಲಿ ಐದು ಸಿಕ್ಕವು. ಇಷ್ಟು ಮಾಡಲು ಬೇಸರ ಪಡುವವರಿಗೆ ಈ ಶಾಲೆ ಬೇಡ.

ಚಳಿಯ ಚಿಂತೆ ಅಮ್ಮನದು. "ಆ ಹಿಮದಲ್ಲಿ ಮಗುವನ್ನು ಹೊರಗೆ ಬಿಡುತ್ತೀಯಲ್ಲೇ, ಎದೆ ಕಟ್ಟಿದರೆ ಏನು ಮಾಡುತ್ತೀಯೆ?" ಎಂದು ಮೊದಲ ಚಳಿಗಾಲವಿಡೀ ಫೋನಿನಲ್ಲಿ ಬೈದರು. ಉಣ್ಣೆಯ ಒಳಉಡುಪು, ಅದರ ಮೇಲೆ ಸ್ವೆಟರ್, ಮೇಲೆ ನೀರು ಇಳಿಯದ ಪ್ಯಾಂಟು. ಹೀಗೆ ಪದರ ಪದರವಾಗಿ ತೊಡಿಸಿದರೆ ಮಗು ಬೆಚ್ಚಗಿರುತ್ತದೆ. ಬಟ್ಟೆ ದುಬಾರಿ. ನಾವು ಹೆಚ್ಚಿನದನ್ನು ಮಕ್ಕಳ ಹಳೆಯ ಬಟ್ಟೆಯ ಸಂತೆಯಲ್ಲೇ ಕೊಂಡೆವು.

ನನಗೆ ನಿಜವಾಗಿ ನೋವಾದದ್ದು ಬೇರೆ ವಿಷಯಕ್ಕೆ. ಮೊದಲ ನವೆಂಬರಿನಲ್ಲಿ ಚಪಾತಿ ಹಾಗೆಯೇ ವಾಪಸು ಬರುತ್ತಿತ್ತು. ಊರಿನಿಂದ ತಂದ ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳವನ್ನು ಮರಗಟ್ಟಿದ ಬೆರಳಿನಿಂದ ತೆಗೆಯಲು ಮಗಳಿಗೆ ಆಗುತ್ತಿರಲಿಲ್ಲ. ಜರ್ಮನ್ ಬಾರದೆ ಸಹಾಯವನ್ನೂ ಕೇಳಲಿಲ್ಲ. ಶಿಕ್ಷಕರು ಅದನ್ನು ಗಮನಿಸಲು ಮೂರು ವಾರ ಹಿಡಿಯಿತು. ಮಾತು ಬಾರದ ಮಗುವಿನ ಬಗ್ಗೆ ಇನ್ನಷ್ಟು ಎಚ್ಚರ ಇರಬೇಕಿತ್ತು ಎಂದು ನೇರವಾಗಿ ಹೇಳಿದೆ. ಅವರು ಒಪ್ಪಿದರು, ಆಮೇಲೆ ದಿನವೂ ಒಬ್ಬರು ಪಕ್ಕದಲ್ಲಿ ಕೂತು ತಿನ್ನಿಸಿದರು.

ಅಕ್ಷರ ಕಲಿಸುವುದಿಲ್ಲ. ನಾಲ್ಕೂವರೆ ವರ್ಷಕ್ಕೆ ಕೈಗೆ ಚಾಕು ಕೊಟ್ಟರು. ಕೂತೇ ಕೆತ್ತಬೇಕು, ಅಲಗು ಮೈಯಿಂದ ಆಚೆಗೆ ಹೋಗಬೇಕು, ಕೈಚಾಚಿದಷ್ಟು ದೂರದಲ್ಲಿ ಯಾರೂ ಇರಕೂಡದು. ಅಡುಗೆಮನೆಯಲ್ಲಿ ನಾನು ನಿಂತು ಸೌತೆಕಾಯಿ ಹೆಚ್ಚುತ್ತಿದ್ದರೆ "ಅಮ್ಮಾ, ಕೂತುಕೋ" ಎನ್ನುತ್ತಿದ್ದಳು.

ಒಂದು ಅಕ್ಟೋಬರ್ ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಜಿಟಿಜಿಟಿ ಮಳೆ. ನಾನು ಕೊಡೆ ಬಿಚ್ಚಿ ಬೇಗ ಬೇಗ ಹೆಜ್ಜೆ ಹಾಕಿದರೆ ಅವಳು ತೋಳು ಹಿಡಿದು ನಿಲ್ಲಿಸಿದಳು. ಕೊಳೆತ ಎಲೆಗಳ ಮೇಲೆ ಕಪ್ಪು ಮೈಗೆ ಅರಿಸಿನ ಬಳಿದಂಥ, ಹಲ್ಲಿಯಂತೆ ಕಾಣುವ ಸಾಲಮ್ಯಾಂಡರ್ ಎಂಬ ಉಭಯವಾಸಿಯೊಂದು ಬಲು ನಿಧಾನವಾಗಿ ಒಂದೊಂದೇ ಕಾಲು ಎತ್ತಿಡುತ್ತಿತ್ತು. "ಮಳೆ ಬಂದರೆ ಮಾತ್ರ ಬರುತ್ತದೆ. ಮುಟ್ಟಬಾರದು, ಅದರ ಚರ್ಮದಲ್ಲಿ ವಿಷ ಇದೆ," ಎಂದು ಪಿಸುಗುಟ್ಟಿದಳು. ಅದು ಬೇರಿನ ಅಡಿಗೆ ಹೋಗುವವರೆಗೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತೆವು. ಮಲೆನಾಡಿನ ಮಳೆಯಲ್ಲಿ ಹುಟ್ಟಿ ಬೆಳೆದ ನಾನು ಮಳೆಯಲ್ಲಿ ಹಾಗೆ ಸುಮ್ಮನೆ ಕೂತು ಎಷ್ಟೋ ವರ್ಷವಾಗಿತ್ತು.

ಸಮಯ ದೊಡ್ಡ ತೊಡಕು. ಒಂದು ಗಂಟೆಗೆ ಮುಗಿಯುತ್ತದೆ. ಬಿರುಗಾಳಿಯ ಮುನ್ಸೂಚನೆ ಇದ್ದರೆ ಕಾಡಿಗೆ ಹೋಗುವುದಿಲ್ಲವೆಂದು ಬೆಳಗಾಗುವ ಹೊತ್ತಿಗೆ ಸಂದೇಶ ಬರುತ್ತದೆ, ಮಗುವನ್ನು ಊರೊಳಗಿನ ಸಭಾಂಗಣಕ್ಕೆ ಬಿಡಬೇಕು. ನಾನು ಅರ್ಧ ದಿನದ ಕೆಲಸಕ್ಕೆ ಬದಲಾಗಬೇಕಾಯಿತು. ಇಬ್ಬರೂ ಪೂರ್ತಿ ದಿನ ದುಡಿಯುವ ಮನೆಗೆ ಇದು ಸರಿ ಎಂದು ನಾನು ಹೇಳಲಾರೆ.

ಮಗನ ಹೆಸರನ್ನು ಬರುವ ಸೆಪ್ಟೆಂಬರಿಗೆ ಬರೆಸಿದ್ದೇವೆ. ಸಲೀಸಾಗಿ ತೆರೆಯುವ ಡಬ್ಬಿಯನ್ನು ಈಗಲೇ ತಂದಿಟ್ಟಿದ್ದೇನೆ.