‘ದಾವಣಗ್+’ ಅಂದ್ರೆ ಯಾರು? ಪಿಎಸ್, ಟಾಪ್, ಹೆಚ್‌ಟಾಪ್ ನೋಡಿದ ಮೇಲೆ

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಒಂದೇ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುತ್ತಾರೆ. ಯೂಸರ್ ಹೆಸರು ಇಟ್ಟವನು ನಾನೇ: ದಾವಣಗೆರೆ01, ದಾವಣಗೆರೆ02, ಹೀಗೆ. ದುರ್ಗದಿಂದ ಬರೋ ಬ್ಯಾಚಿಗೆ ಚಿತ್ರದುರ್ಗ01. ಹೊಸ ಯೂಸರ್ ಸೇರಿಸುವ ಕಮಾಂಡ್ ಯೂಸರ್‌ಆ್ಯಡ್, 32 ಅಕ್ಷರದವರೆಗೂ ತಕರಾರಿಲ್ಲದೆ ಒಪ್ಪುತ್ತದೆ. ತಕರಾರು ಶುರುವಾಗೋದು ಆಮೇಲೆ.

ಒಂದು ಮಧ್ಯಾಹ್ನ ಸರ್ವರ್ ತೆವಳತೊಡಗಿತು. ಯಾರ ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ಪಟ್ಟಿ ಕೊಡುವ ‘ಪಿಎಸ್ ಎಯುಎಕ್ಸ್’ ಹೊಡೆದೆ. ಎರಡು ಸಾಲು. ಎರಡರಲ್ಲೂ ‘ದಾವಣಗ್+’, ಎರಡರಲ್ಲೂ ಎ.ಔಟ್ (ಹುಡುಗರು ಕಂಪೈಲ್ ಮಾಡಿದ ಪ್ರೋಗ್ರಾಂಗೆ ತಾನಾಗಿ ಬೀಳೋ ಹೆಸರು), ಎರಡಕ್ಕೂ ಸಿಪಿಯು 99. ಯೂಸರ್ ಕಾಲಂ ಇರುವುದೇ ಎಂಟು ಅಕ್ಷರ. ಇಂಗ್ಲಿಷ್ ಹೆಸರಿನ ಮೊದಲ ಏಳು ಉಳಿಸಿ, ಬಾಕಿಗೆ ಒಂದು ಪ್ಲಸ್. ಮೇಲಿನದನ್ನು ಕಿಲ್ ಮಾಡಿದೆ, ಅಂದ್ರೆ ನಿಲ್ಲಿಸಿದೆ. ಹಿಂದಿನ ಬೆಂಚಿನಿಂದ, “ಸರ್, ನಂದ್ಯಾಕ್ರೀ ಬಂದ್ ಆತು?” ಮುಗಿಯದ ಲೂಪ್ ಬರೆದ ಹುಡುಗ ಅವನ ಪಕ್ಕದಲ್ಲೇ ಸುಮ್ನೆ ಕೂತಿದ್ದ.

ಪೂರ್ತಿ ಹೆಸರು ಕೊಟ್ಟು ಆ ಪಟ್ಟಿಯನ್ನು ಗ್ರೆಪ್ (ಪದ ಇರುವ ಸಾಲು ಹುಡುಕುವ ಕಮಾಂಡ್) ಮಾಡಿದರೆ? ಸಿಕ್ಕಿದ್ದು ಗ್ರೆಪ್‌ನದೇ ಸಾಲು! ‘ಪಿಎಸ್ -ಯು’ ಮುಂದೆ ಅದೇ ಹೆಸರು ಕೊಟ್ಟರೆ ಸರಿಯಾಗಿ ಹುಡುಕುತ್ತದೆ. ಕತ್ತರಿ ಬೀಳೋದು ತೋರಿಸುವಾಗ ಮಾತ್ರ.

ಮೂಲೆಯ ಹಳೇ ಸರ್ವರ್‌ನ ಪಿಎಸ್ ಬೇರೆ ಜಾತಿಯದು. ಹೆಸರು ಹಿಡಿಸದಿದ್ದರೆ 1007 ಅಂತ ಯೂಸರ್ ನಂಬರನ್ನೇ ಬರೆಯುತ್ತದೆ. ನೋಡೋಕೆ ಒರಟು. ಆದರೂ ನನ್ನ ಓಟು ಇದಕ್ಕೇ, ಯಾಕಂದ್ರೆ 1007 ಒಬ್ಬನೇ. ‘ದಾವಣಗ್+’ ಮೂವತ್ತು ಜನ.

ಅದೇ ಪಟ್ಟಿಯನ್ನು ಆಗಾಗ ಹೊಸದು ಮಾಡಿ ತೋರಿಸುವ ಟಾಪ್ ಕೂಡ ಎಂಟಕ್ಕೇ ಕತ್ತರಿಸುತ್ತದೆ, ಆದರೆ ಮಾತು ಕೇಳುತ್ತದೆ. ದೊಡ್ಡ ಎಕ್ಸ್ ಒತ್ತಿ, ಮೈನಸ್ 1 ಕೊಡಿ. ಕಾಲಂ ತಾನೇ ಬೇಕಾದಷ್ಟು ಅಗಲ ಆಗುತ್ತದೆ. ದೊಡ್ಡ ಡಬ್ಲ್ಯೂ ಒತ್ತಿದರೆ ನೆನಪಿಟ್ಟುಕೊಳ್ಳುತ್ತದೆ.

ಟಾಪ್‌ನಂಥದ್ದೇ ಇನ್ನೊಂದು ಹೆಚ್‌ಟಾಪ್, ಅದರ ಬಣ್ಣ ಚೆನ್ನ. ನಮ್ಮಲ್ಲಿದ್ದ ಹಳೇ ಆವೃತ್ತಿ ಒಂಬತ್ತು ಅಕ್ಷರ ತೋರಿಸಿ ಸುಮ್ಮನಾಗುತ್ತಿತ್ತು, ಪ್ಲಸ್ಸೂ ಇಲ್ಲ. ಕತ್ತರಿಸಿದ್ದು ಗೊತ್ತೇ ಆಗಲ್ಲ, ಇದು ಜಾಸ್ತಿ ಅಪಾಯ ಅಲ್ವಾ?

ಕೊನೆಗೆ ಪಿಎಸ್‌ಗೇ ವಾಪಸ್ ಬಂದೆ. -ಇಒ ಆಯ್ಕೆ ಕೊಟ್ಟು, ಯೂಸರ್ ಪಕ್ಕ ಕೋಲನ್ ಹಾಕಿ 20 ಅಂದರೆ ಇಪ್ಪತ್ತು ಅಕ್ಷರದ ಜಾಗ ಸಿಗುತ್ತದೆ. ಅಷ್ಟುದ್ದ ದಿನಾ ಯಾರು ಟೈಪ್ ಮಾಡ್ತಾರೆ? ಅದಕ್ಕೊಂದು ಚಿಕ್ಕ ಅಡ್ಡಹೆಸರು, ಏಲಿಯಾಸ್, ಮಾಡಿಟ್ಟಿದ್ದೇನೆ. ಮುಂದಿನ ಬ್ಯಾಚಿಗೆ, ರೈಲ್ವೆಯವರು ದಾವಣಗೆರೆ ನಿಲ್ದಾಣಕ್ಕೆ ಇಟ್ಟ ಕೋಡಿನ ಹಾಗೆ, ಡಿವಿಜಿ01 ಅಂತಲೇ ಹೆಸರು.