ಕ್ರಿಯಾಪದದ ನಡೆ ಕಲಿಸುವ ನಿಘಂಟು

‘ನನಗೆ ಹೇಳಿದ’, ‘ನನಗೆ ವಿವರಿಸಿದ’, ‘ನನಗೆ ಸೂಚಿಸಿದ’: ಕನ್ನಡದಲ್ಲಿ ಎಲ್ಲಕ್ಕೂ ಒಂದೇ ವಿಭಕ್ತಿ ಸಾಕು. ಅದಕ್ಕೇ ನನ್ನ ಒಂಬತ್ತನೆಯ ತರಗತಿಯ ಮಕ್ಕಳು ‘ಹಿ ಸೆಡ್ ಮಿ’ ಎಂದು ಬರೆಯುತ್ತಾರೆ. ಮಕ್ಕಳದು ತಪ್ಪಲ್ಲ, ಮಾತೃಭಾಷೆಯ ಅಭ್ಯಾಸ.

ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಕೊಂಡ ಮೇಲೆ ಈ ಪಾಠ ಹಗುರವಾಯಿತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಹೊರತಂದ ನಿಘಂಟೇ ಇದರ ಮೂಲ. ಅರ್ಥದ ಜೊತೆಗೆ ಕ್ರಿಯಾಪದದ ವಾಕ್ಯರಚನೆಯನ್ನೂ ಇದು ತೋರಿಸುತ್ತದೆ. ‘ಟೋಲ್ಡ್ ಮಿ’ ಸರಿ, ಆದರೆ ‘ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’ ಎನ್ನಬೇಕು. ‘ಅಡ್ವೈಸ್ಡ್ ಮಿ ಟು ಗೋ’ ಒಪ್ಪುತ್ತದೆ, ‘ಸಜೆಸ್ಟೆಡ್ ಮಿ ಟು ಗೋ’ ಒಪ್ಪುವುದಿಲ್ಲ. ‘ಸಜೆಸ್ಟೆಡ್ ದಟ್ ಐ ಗೋ’ ಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ನಾನೇ ಆ ಪುಟದ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ನಾಳೆಯ ಪಾಠ: ‘ರೆಫ್ಯೂಸ್ಡ್ ಟು ಗೋ’, ‘ಡಿನೈಡ್ ಗೋಯಿಂಗ್’.