ಸಿಓಟು, ಮಿಕ್ಸ್ ಗ್ಯಾಸ್, ಗ್ಯಾಸ್‌ಲೆಸ್ ವೈರ್: ಮಿಗ್ ವೆಲ್ಡಿಂಗ್‌ನಲ್ಲಿ ಮೂರೂ ಓಡಿಸಿ ನೋಡಿದ್ದು

ನಮ್ಮ ಮಂಡ್ಯ ಕಡೆ ಹೊಸದಾಗಿ ಮಿಗ್ ವೆಲ್ಡಿಂಗ್ ಮೆಷಿನ್ (ವೈರ್ ತಾನಾಗೇ ಬಂದು ಕರಗಿ ಬೆಸೆಯೋದು) ತಗೊಂಡೋರು ಮೊದ್ಲು ಕೇಳೋದೇ ಬೆಸುಗೆಗೆ ಗಾಳಿ ತಾಗದಂಗೆ ಯಾವ ಗ್ಯಾಸ್ ಹಾಕ್ಲಿ ಅಂತ. ಒಂದೇ ಮೆಷಿನ್ನಲ್ಲಿ ಸಿಓಟು (ಕಾರ್ಬನ್ ಡೈಆಕ್ಸೈಡ್), ಆರ್ಗಾನ್ ಮಿಕ್ಸ್, ಗ್ಯಾಸೇ ಬೇಡದ ವೈರ್ ಮೂರನ್ನೂ ಓಡಿಸಿದೀನಿ, ಕಬ್ಬಿನ ಟ್ರೈಲರ್, ಮನೆ ಗೇಟು, ಹೊಲದ ರಿಪೇರಿ ಎಲ್ಲದಕ್ಕೂ.

ಟ್ರೈಲರ್ ಚಾನಲ್‌ಗೆ ಸಿಓಟುನೇ ಸರಿ. ಬೆಸುಗೆ ಚೆನ್ನಾಗಿ ಒಳಗಿಳಿಯುತ್ತೆ, ರೇಟೂ ಕಮ್ಮಿ. ಆದ್ರೆ ಸ್ಪ್ಯಾಟರ್ (ಸಿಡಿಯೋ ಲೋಹದ ಹನಿ) ಜಾಸ್ತಿ, ಅದು ಟಾರ್ಚ್ ತುದಿಯ ನಾಝಲ್ ಒಳಗೆ ಗುಂಡುಗುಂಡಾಗಿ ಅಂಟ್ಕೊಂಡು ಗ್ಯಾಸ್ ದಾರಿ ಮುಚ್ಚುತ್ತೆ, ಆಗ ಬೀಡ್ (ಬೆಸುಗೆ ಗೆರೆ) ಮೇಲೆ ಸೂಜಿ ಚುಚ್ಚಿದಂಗೆ ತೂತು ಬೀಳುತ್ತೆ, ಜನ ಸಿಲಿಂಡರ್ ಖಾಲಿ ಆಯ್ತು ಅಂದ್ಕೋತಾರೆ. ಮೊದ್ಲು ನಾಝಲ್ ಬಿಚ್ಚಿ ನೋಡಿ. ಇನ್ನೊಂದು, ಒಂದೇ ಸಮ ಓಡಿಸಿದ್ರೆ ರೆಗ್ಯುಲೇಟರ್ ಮೇಲೆ ಮಂಜು ಕಟ್ಟುತ್ತೆ, ಸಿಲಿಂಡರ್ ಒಳಗಿರೋ ದ್ರವ ಗ್ಯಾಸಾಗಿ ಹೊರಗೆ ಬರುವಾಗ ಅಷ್ಟು ತಣ್ಣಗಾಗುತ್ತೆ, ಹೀಟರ್ ಇಲ್ದಿದ್ರೆ ಗ್ಯಾಸ್ ಫ್ಲೋ ಏರುಪೇರು.

ಗೇಟ್ ಕೆಲ್ಸಕ್ಕೆ, ಅದೂ 1.6 ಎಂಎಂ ಸ್ಕ್ವೇರ್ ಪೈಪ್‌ಗೆ, ನನ್ನ ಓಟು 80-20 ಆರ್ಗಾನ್ ಮಿಕ್ಸ್‌ಗೆ (80 ಭಾಗ ಆರ್ಗಾನ್, 20 ಭಾಗ ಸಿಓಟು). 0.8 ಎಂಎಂ ವೈರ್ ಹಾಕಿದ್ರೆ ಬೀಡ್ ನುಣ್ಣಗೆ ಕೂರುತ್ತೆ. ಗ್ಯಾಸ್‌ಗೆ ಕೊಟ್ಟ ದುಡ್ಡಲ್ಲಿ ಒಂದಷ್ಟು ಗ್ರೈಂಡಿಂಗ್‌ನಲ್ಲಿ ಉಳಿಯುತ್ತೆ. ಸಿಓಟು ಸೆಟ್ಟಿಂಗನ್ನೇ ಬಿಟ್ರೆ ಮಾತ್ರ ಪೈಪ್ ತೂತು ಬಿದ್ದೋಗುತ್ತೆ, ಒಂದೆರಡು ವೋಲ್ಟ್ ಇಳಿಸಿ. ಚರ್ ಅಂತ ಒಂದೇ ಸಮ ಸದ್ದು ಬರ್ಬೇಕು, ವೈರ್ ಪಟ್ ಪಟ್ ಅಂತ ಕೈಗೆ ಗುದ್ದಿದ್ರೆ ವೈರ್ ಸ್ಪೀಡ್ ಜಾಸ್ತಿ ಆಗಿದೆ ಇಲ್ಲಾ ವೋಲ್ಟ್ ಕಮ್ಮಿ ಆಗಿದೆ.

ಈ ಎರಡಕ್ಕೂ ಶತ್ರು ಫ್ಯಾನು. ಸೆಕೆ ಅಂತ ಪಕ್ಕದಲ್ಲೇ ಇಟ್ಕೋತಾರೆ, ತೂತು ಬಿದ್ರೆ ಫ್ಲೋ 25 ಲೀಟರ್‌ಗೆ ಏರಿಸ್ತಾರೆ, ಅಷ್ಟು ರಭಸಕ್ಕೆ ಗ್ಯಾಸೇ ಸುಳಿ ಎದ್ದು ಗಾಳಿ ಎಳ್ಕೊಳ್ಳುತ್ತೆ, ತೂತು ಇನ್ನೂ ಜಾಸ್ತಿ ಆಗುತ್ತೆ ಕಣ್ರೀ. ನಿಮಿಷಕ್ಕೆ 12ರಿಂದ 15 ಲೀಟರ್ ಸಾಕು. ಫ್ಯಾನ್ ಆ ಕಡೆ ತಿರುಗಿಸಿ, ತುಕ್ಕು, ಪೇಂಟು ಉಜ್ಜಿ ತೆಗೀರಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಗಾಳಿ ಬೀಸ್ತಿರುವಾಗ ಗ್ಯಾಸ್ ನಿಲ್ಲಲ್ಲ, ಅಲ್ಲಿ ಗ್ಯಾಸ್‌ಲೆಸ್ ಫ್ಲಕ್ಸ್ ವೈರೇ ಗತಿ, ಅದರೊಳಗಿನ ಪುಡಿ ಉರಿದು ತಾನೇ ಬೆಸುಗೆ ಕಾಯುತ್ತೆ. ಹೊಗೆ ಜಾಸ್ತಿ, ಬೀಡ್ ಮೇಲೆ ಕೂರೋ ಕಿಟ್ಟ ಕುಟ್ಟಿ ತೆಗೀಬೇಕು, ಶೆಡ್ ಒಳಗೆ ಅದು ನಂಗಿಷ್ಟ ಇಲ್ಲ. ವೈರ್ ಒಳಗೆ ಫ್ಲಕ್ಸ್ ಪುಡಿ ಇರೋದ್ರಿಂದ ವೈರ್ ತಳ್ಳೋ ರೋಲರ್ ಬಿಗಿ ಮಾಡಿದ್ರೆ ಚಪ್ಪಟೆ ಆಗಿ ಟಾರ್ಚ್ ಟಿಪ್‌ನಲ್ಲಿ ಸಿಕ್ಕಾಕೊಳ್ಳುತ್ತೆ. ಟಾರ್ಚನ್ನ ನೆಗೆಟಿವ್‌ಗೆ ಹಾಕ್ಬೇಕು, ವಾಪಸ್ ಬಂದು ಗ್ಯಾಸ್ ವೈರ್ ಏರಿಸುವಾಗ ಮತ್ತೆ ಪಾಸಿಟಿವ್‌ಗೆ, ಇಲ್ಲಾಂದ್ರೆ ಬೀಡ್ ಮೇಲೆಮೇಲೇ ಉಬ್ಬಿ ಕೂರುತ್ತೆ, ಒಳಗೆ ಇಳಿಯಲ್ಲ.